ಎಂಟನೆಯ ವಿಷಯಕ್ಕೆ ಬಂದ ಒಂದೇ ತಕರಾರು

೧

ಹೇಗೆ ಶುರು ಮಾಡುವುದು ಎನ್ನುವುದರಲ್ಲೇ ಮೂರು ವಾರ ಹೋಯಿತು. ಮೊದಲ ವಾಕ್ಯವನ್ನು ಒಂಬತ್ತು ಸಲ ಬರೆದಿದ್ದೇನೆ. ‘ಸಭಾಗೃಹದಲ್ಲಿ ಫ್ಯಾನುಗಳು ತಿರುಗುತ್ತಿದ್ದವು’ ಎಂಬುದು ಒಂದು. ಫ್ಯಾನು ತಿರುಗದೆ ಇನ್ನೇನು ಮಾಡುತ್ತದೆ? ಹೊಡೆದುಹಾಕಿದೆ. ‘ಮುಂಬಯಿ ಎಂದರೆ ಓಟ’ ಎಂಬುದು ಇನ್ನೊಂದು. ನನ್ನ ತರಗತಿಯಲ್ಲಿ ಯಾವನಾದರೂ ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ.

ನಾನು ಮಲಾಡ್‌ನ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಈಗ ಮುಲುಂಡ್‌ನಲ್ಲಿ ಕೂತು ಆಧುನಿಕೋತ್ತರ ಕಥೆ ಬರೆಯುತ್ತೇನೆ. ನಮ್ಮ ಬಿಲ್ಡಿಂಗಿನ ವೈಶಾಲಿ, ಧಾರವಾಡದ ಕಡೆಯವರ ಮಗಳು, ಒಮ್ಮೆ ಕೇಳಿದ್ದಳು: “ಕಾಕಾ, ಆಧುನಿಕೋತ್ತರ ಅಂದ್ರ ಏನ್ರಿ?” ಅವತ್ತು ಅರ್ಧ ಗಂಟೆ ಕೊರೆದೆ. ಈಗ ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತೇನೆ: ಹೇಳಬೇಕಾದ ಮಾತೊಂದಿದ್ದು, ಹೇಳುವ ಧೈರ್ಯ ಇಲ್ಲದಾಗ ಲೇಖಕ ಮಾಡುವ ಸರ್ಕಸ್ಸು.

(ಓದುಗರೇ, ಸರ್ಕಸ್ಸು ಶುರುವಾಗಿದೆ. ಎದ್ದು ಹೋಗುವವರು ಈಗಲೇ ಹೋಗಬಹುದು, ನಾನು ತಪ್ಪು ತಿಳಿಯುವುದಿಲ್ಲ.)

೨

ಸಿಕಂದರನಿಂದ ಶುರು ಮಾಡೋಣ.

ವಿಜಯಪುರದವನು, ಐವತ್ತೆರಡು ವರ್ಷ. ಹೆಂಡತಿ ನಜ್ಮಾಳೊಡನೆ ಮಲಾಡ್‌ನ ಒಂದು ಗಲ್ಲಿಯಲ್ಲಿ ಮನೆ. ಕೆಲಸ ಅಂಧೇರಿಯಲ್ಲಿ, ಸಿನಿಮಾ, ಸೀರಿಯಲ್ಲುಗಳಿಗೆ ಉಡುಪು ಹೊಲಿದು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಟೇಲರ್. ಎಂಟು ವರ್ಷದ ಹಿಂದೆ ಆ ಅಂಗಡಿಯ ಅಟ್ಟದಿಂದ ಬಿದ್ದ. ಅಂದಿನಿಂದ ಬಲ ಮೊಣಕಾಲು ಮಡಚುವುದಿಲ್ಲ. ಮೊಣಕಾಲು ಮಡಚದವನು ರಿಕ್ಷಾದಲ್ಲಿ ಕೂತರೆ ಕಾಲು ಹೊರಗೆ ಉಳಿಯುತ್ತದೆ. ಸ್ಟೇಷನ್ನಿನ ಸೇತುವೆ ಹತ್ತುವುದಂತೂ ದೂರದ ಮಾತು. ಅವನಿಗಿದ್ದದ್ದು ಒಂದೇ ದಾರಿ: ಗಲ್ಲಿಯ ಬಾಯಿಂದ ಹೊರಟು ನೇರ ಅಂಧೇರಿಗೆ, ಅಂಗಡಿಯ ಎದುರಿಗೇ ಹೋಗಿ ನಿಲ್ಲುವ ಬಸ್ಸು. ಹೊರಡುವ ಸ್ಟಾಪೇ ಅದಾದ್ದರಿಂದ ಮುಂದಿನ ಸೀಟು ಸಿಗುತ್ತಿತ್ತು. ಅಲ್ಲಿ ಕಾಲು ಚಾಚಬಹುದಿತ್ತು.

ಇಷ್ಟು ಬರೆದು ಅವನಿಗೆ ಫೋನಿನಲ್ಲಿ ಓದಿದೆ.

“ಅಟ್ಟದಿಂದ ಬಿದ್ದೆ ಅಂತ ಯಾಕ ಬರದೀರಿ, ಮಾಸ್ತರ? ನಮ್ಮ ಸೇಠ್ ಓದಿದ್ರ?”

“ನಿಮ್ಮ ಸೇಠ್ ಕನ್ನಡ ಓದತಾರೇನು, ಸಿಕಂದರಭಾಯ್?”

“ಇಲ್ರಿ.”

“ಮತ್ತ?”

“ಆದ್ರೂ. ಇರ್ಲಿ ಬಿಡ್ರಿ. ಎಷ್ಟರೆ ಓದ್ರಿ, ಕೇಳತೀನಿ. ಈಗ ನನಗ ಟೈಮ್ ಭಾಳ ಐತಿ.”

೩

ಈ ಭಾಗವನ್ನು ಆಮೇಲೆ ಬರೆಯುತ್ತೇನೆ.

೪

ಸಾರಿಗೆ ಸಮಿತಿಯ ಸಭೆ. (ಯಾವ ಸಮಿತಿ, ಯಾವ ಕಟ್ಟಡ ಎಂದು ಹುಡುಕಬೇಡಿ. ಇದನ್ನು ಈ ಕಥೆಗೋಸ್ಕರ ನಾನೇ ರಚಿಸಿದ್ದೇನೆ, ಅಧ್ಯಕ್ಷರನ್ನು ನಾನೇ ನೇಮಿಸಿದ್ದೇನೆ. ಯಾರಿಂದಲೂ ಲಂಚ ತಗೊಂಡಿಲ್ಲ.)

ಮೊದಲ ಡ್ರಾಫ್ಟಿನಲ್ಲಿ ಅಧ್ಯಕ್ಷರಿಗೆ ದಪ್ಪ ಮೀಸೆ ಕೊಟ್ಟು, ನಾಲ್ಕು ಬೆರಳಿಗೆ ಉಂಗುರ ತೊಡಿಸಿ, ಮಾತುಮಾತಿಗೆ ಗುಡುಗುವಂತೆ ಮಾಡಿದ್ದೆ. ಅದು ಸುಳ್ಳು. ಪ್ರೇಕ್ಷಕರ ಬೆಂಚಿನಲ್ಲಿ ಕೂತು ನಾನು ಕಂಡದ್ದು ಸಂಭಾವಿತ ಮನುಷ್ಯನನ್ನು. ಬಸ್ಸಿನ ಟೈರು, ಡಿಪೋದ ಗಟಾರ, ಸ್ಟಾಪಿನ ಚಪ್ಪರ ಎಂದು ಆರು ವಿಷಯ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಏಳನೆಯದು ಟಿಕೆಟ್ ದರ ಏರಿಕೆ. ಅದಕ್ಕೆ ಗಲಾಟೆ ನಡೆಯಿತು, ಇಬ್ಬರು ಎದ್ದು ಹೊರಗೆ ಹೋದರು, ಚಹಾ ಕುಡಿದು ವಾಪಸ್ ಬಂದರು. ದರ ಏರಿತು.

ಎಂಟನೆಯದು ಮಾರ್ಗಗಳ ಮರುಹೊಂದಾಣಿಕೆ. ಉದ್ದದ ಮಾರ್ಗಗಳನ್ನು ತುಂಡು ಮಾಡಿ, ಬಸ್ಸುಗಳನ್ನು ಸ್ಟೇಷನ್ನಿನವರೆಗೆ ಮಾತ್ರ ಓಡಿಸುವುದು. ಮುಂದೆ ಜನ ಲೋಕಲ್ಲೋ ಮೆಟ್ರೊವೋ ಹಿಡಿಯುತ್ತಾರೆ. ನಕಾಶೆಯಲ್ಲಿ ನೋಡಿದರೆ ಬಹಳ ಜಾಣತನದ ಯೋಜನೆ. ಸಿಕಂದರನಿಗೆ ಮಾತ್ರ ಒಂದು ಗಾಡಿಯ ಬದಲು ಮೂರು ಗಾಡಿ, ಏರಿದ ದರದ ಮೂರು ಟಿಕೆಟ್, ನಡುವೆ ಸೇತುವೆ ಅಥವಾ ಲಿಫ್ಟಿನ ತನಕ ಕುಂಟಿಕೊಂಡು ನಡೆಯುವುದು.

ಒಬ್ಬ ಸದಸ್ಯೆ ಎದ್ದು ನಿಂತರು. ವಯಸ್ಸಾದವರು, ಕೈಕಾಲು ಆಗದವರು ಏನು ಮಾಡಬೇಕು ಎಂದು ಕೇಳಿದರು. ನಾನು ಬೆಂಚಿನ ಅಂಚಿಗೆ ಸರಿದು ಕೂತೆ. ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿ ಮರಾಠಿಯಲ್ಲಿ, ಎಷ್ಟು ತಕರಾರು ಬಂದಿವೆ ಎಂದು ವಿಚಾರಿಸಿದರು.

“ಕಿತೀ ಹರಕತೀ ಆಲ್ಯಾ?”

ಅಧಿಕಾರಿ ಕಾಗದ ತಿರುವಿ ಹೇಳಿದ: “ಏಕಚ.”

ಒಂದೇ. ಆ ಸದಸ್ಯೆ ಮತ್ತೊಮ್ಮೆ ಪಟ್ಟಿ ತರಿಸಿ ನೋಡಿದರು. ಇಷ್ಟು ದೊಡ್ಡ ಮಲಾಡ್‌ನಲ್ಲಿ ಒಬ್ಬರಿಗೇ ತೊಂದರೆಯೇ ಎಂದು ಅವರಿಗೂ ಆಶ್ಚರ್ಯವಾಗಿತ್ತು. ಆಮೇಲೆ ಕೂತರು. ಮಂಜೂರಾಯಿತು.

೫

ವೈಶಾಲಿ ಅದೇ ಕಚೇರಿಯಲ್ಲಿ ಕ್ಲಾರ್ಕ್. ಬಂದ ತಕರಾರುಗಳಿಗೆ ನಂಬರ್ ಹಾಕಿ ಪಟ್ಟಿ ಮಾಡುವವಳು ಅವಳೇ. ಸಭೆ ಮುಗಿದ ಮೇಲೆ ವರಾಂಡದಲ್ಲಿ ಸಿಕ್ಕಳು.

“ಕಾಕಾ, ಆ ಮಲಾಡ್‌ನ ಅರ್ಜಿ ನೀವ ಬರದದ್ದಲ್ಲ? ಓದಿದ ಕೂಡಲೇ ಅನಿಸ್ತು.”

“ಹೌದವಾ. ಆದ್ರ ಒಂದ ಅಂತ ಯಾಕ ಹೇಳಿದ್ರು? ಕೆಳಗ ನಲವತ್ತೊಂದು ಮಂದಿ ಸಹಿ ಅದಾವಲ್ಲ.”

“ಸಹಿ ಎಷ್ಟರೆ ಇರ್ಲಿ, ಕಾಕಾ. ಒಂದು ಅರ್ಜಿ ಅಂದ್ರ ಒಂದು ತಕರಾರು. ನಮ್ಮ ಕಡೆ ಹಂಗ ರೂಲ್ ಅದ. ತಕರಾರು ಇಪ್ಪತ್ತೈದು ದಾಟಿದ್ರ ಸುನಾವಣಿ ಇಡಲೇಬೇಕು, ಮಂದೀನ್ನ ಕರದು ಎದುರಿಗೆ ಕೂಡ್ರಿಸಿ ಕೇಳಲೇಬೇಕು. ಸುನಾವಣಿ ಆಗೂತನಕ ಬಸ್ ಬಂದ್ ಮಾಡಾಕ ಬರೂದಿಲ್ಲ.” ಅವಳು ನನ್ನ ಮುಖ ನೋಡಿ ದನಿ ಇಳಿಸಿದಳು. “ಅರ್ಜಿ ಮಾತ್ರ ಅಗದಿ ಛಲೋ ಇತ್ರಿ. ನಮ್ಮ ಸಾಹೇಬ್ರು ಎರಡು ಸಲ ಓದಿದ್ರು.”

“ಮತ್ತ ಏನು ಮಾಡಬೇಕಿತ್ತು?”

“ಮಂದಿ ತಮಗ ಬಂದಂಗ ಬ್ಯಾರೆ ಬ್ಯಾರೆ ಚೀಟಿ ಬರದು ಕೊಟ್ಟಿದ್ರೂ ನಡೀತಿತ್ತು. ನಿಮ್ಮ ಅರ್ಜಿ ಜೋಡಿ ಪಿನ್ ಹಾಕಿದ್ರೂ ಒಂದೊಂದಕ್ಕೂ ನಂಬರ್ ಹಾಕತಿದ್ದೆ. ಶುದ್ಧ ಐತೋ ತಪ್ಪೈತೋ ಯಾರು ನೋಡತಾರ?”

(ಇಲ್ಲಿಗೆ ಮುಗಿಸಬಹುದಿತ್ತು. ನಿಯಮ ಕುರುಡು, ವ್ಯವಸ್ಥೆ ಕ್ರೂರ, ಬಡವನ ಕೂಗು ಕೇಳುವವರಿಲ್ಲ, ಲೇಖಕ ಸಜ್ಜನ. ಅಂಥ ಡ್ರಾಫ್ಟ್ ನನ್ನ ಹತ್ತಿರ ಸಿದ್ಧವಿದೆ. ಯಾವುದಾದರೂ ವಿಶೇಷಾಂಕದವರು ಹಾಕಿಕೊಂಡಾರು. ಕಳಿಸಲು ಎರಡು ಸಲ ಲಕೋಟೆ ತೆಗೆದೆ.)

೬

ಬಸ್ಸು ನಿಂತು, ಸಿಕಂದರ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಒಂದು ಭಾನುವಾರ ಅವನಿಗೆ ಫೋನ್ ಮಾಡಿ ಈ ಕಥೆಯ ಮೂರು ಮುಕ್ತಾಯ ಓದಿದೆ.

ಮುಕ್ತಾಯ ಅ: ಪತ್ರಿಕೆಯವರು ಬರುತ್ತಾರೆ. ಸಿಕಂದರನ ಫೋಟೊ ಅಚ್ಚಾಗುತ್ತದೆ. ಅಧ್ಯಕ್ಷರ ಮನ ಕರಗಿ ಬಸ್ಸು ಮತ್ತೆ ಶುರುವಾಗುತ್ತದೆ. ಡ್ರೈವರು ಹಾರ ಹಾಕುತ್ತಾನೆ.

“ಹಾರ ಯಾರಿಗ್ರಿ? ನನಗೋ, ಬಸ್ಸಿಗೋ?” ಎಂದು ಸಿಕಂದರ ಕೇಳಿದ. ನಾನು ಯೋಚಿಸಿರಲಿಲ್ಲ. “ಬ್ಯಾಡ ಬಿಡ್ರಿ. ಇದನ್ನ ನಜ್ಮಾ ಮುಂದ ಓದಬ್ಯಾಡ್ರಿ, ಖರೇ ಅನ್ಕೋತಾಳ.”

ಮುಕ್ತಾಯ ಆ: ಸಿಕಂದರ ಮನೆಯಲ್ಲೇ ಮಶಿನ್ ಹಾಕಿಕೊಂಡು ಸ್ವಂತ ಧಂದೆ ಶುರು ಮಾಡುತ್ತಾನೆ. ಸ್ವಾವಲಂಬಿಯಾಗುತ್ತಾನೆ.

“ಮಾಸ್ತರ, ನಾ ಮನ್ಯಾಗ ಯಾರದು ಹೊಲೀಲಿ? ಗಲ್ಲಿಯವರ ಲಂಗದ ನಾಡಿ, ಪ್ಯಾಂಟಿನ ಬುಡ. ಅಲ್ಲಿ ರಾಜನ ಪಾರ್ಟಿಗೆ ಆರು ಗಜದ ಅಂಗರಖಾ ಕತ್ತರಸತಿದ್ದೆ. ಕೆಲಸ ಕಲಿಯೂ ಹುಡುಗ್ರು ಇಬ್ಬರು ನನ್ನ ಕೈಕೆಳಗಿದ್ರು. ಉಸ್ತಾದ್ ಅಂತಿದ್ರು. ಇಲ್ಲಿ ನಾ ಯಾರೂ ಅಲ್ರಿ.”

ಮುಕ್ತಾಯ ಇ: ಸೇತುವೆಯ ಮೆಟ್ಟಿಲು ಹತ್ತಲು ಹೋಗಿ ಸಿಕಂದರ—

ಅಷ್ಟರಲ್ಲಿ ನಜ್ಮಾ ಫೋನ್ ಕಸಿದುಕೊಂಡಳು. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೆಂದು ನನಗೆ ತಿಳಿದಿರಲಿಲ್ಲ. “ಯಾ ಅಲ್ಲಾ! ನನ್ನ ಗಂಡನ್ನ ಕೊಂದು ನಿಮಗ ಏನು ಸಿಗತೈತ್ರಿ, ಮಾಸ್ತರ? ನಾವು ನಿಮಗ ಏನು ಮಾಡೀವಿ?”

ಅವರು ನನಗೆ ಏನೂ ಮಾಡಿರಲಿಲ್ಲ.

೩

ಬಿಟ್ಟಿದ್ದ ಮೂರನೆಯ ಭಾಗ ಇದು. ಇದರಲ್ಲಿ ಆವರಣಚಿಹ್ನೆ ಇಲ್ಲ.

ಮಾರ್ಗ ಬದಲಾವಣೆಯ ನೋಟೀಸು ಹೊರಬಿದ್ದ ವಾರ ನಜ್ಮಾ ನನ್ನನ್ನು ಕರೆಸಿದಳು. ಅವಳ ಮಗಳು ಹಿಂದೆ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ನಾನು ಹೋಗುವಷ್ಟರಲ್ಲಿ ಆ ಬಸ್ಸು ಹತ್ತುವವರೆಲ್ಲ ತಂತಮ್ಮ ಮಾತನ್ನು ಚೀಟಿಗಳಲ್ಲಿ ಬರೆದು ಮಿಠಾಯಿ ಡಬ್ಬಿಯೊಂದರಲ್ಲಿ ಹಾಕಿಟ್ಟಿದ್ದರು. ನಲವತ್ತೊಂದು ಚೀಟಿ. ಹಿಂದಿ, ಮರಾಠಿ, ಉರ್ದು, ಏಳೆಂಟು ಕನ್ನಡ. ಕ್ಯಾಲೆಂಡರಿನ ಹಿಂಬದಿ, ದವಾಖಾನೆಯ ಕಾಗದ, ನೋಟುಬುಕ್ಕಿನಿಂದ ಹರಿದ ಹಾಳೆ. ಮೇಲಿನ ನಾಲ್ಕೈದನ್ನು ನೋಡಿದೆ. ದೀರ್ಘ ಇಲ್ಲ, ಒತ್ತಕ್ಷರ ತಪ್ಪು.

“ಇವನ್ನ ಹಿಂಗ ಕೊಟ್ರ ನಗತಾರ,” ಎಂದೆ. “ನಾ ಒಂದು ಅರ್ಜಿ ಬರೀತೀನಿ. ಎಲ್ಲಾರೂ ಕೆಳಗ ಸಹಿ ಮಾಡ್ರಿ. ಚೀಟಿ ಅದರ ಹಿಂದ ಪಿನ್ ಹಾಕಿ ಕೊಡತೀನಿ.”

ಎಲ್ಲರಿಗೂ ಖುಷಿಯಾಯಿತು. ಮಾಸ್ತರರೇ ಬರೆಯುತ್ತಾರೆಂದರೆ ಕೆಲಸ ಆದ ಹಾಗೇ ಎಂದುಕೊಂಡರು.

ಮೂರು ದಿನ ಕೂತು ಬರೆದೆ. ಎರಡು ಪುಟ, ಮರಾಠಿಯಲ್ಲಿ. ನಡುವೆ ಕಾನೂನಿನ ಭಾಷೆಯ ಒಂದು ಇಂಗ್ಲಿಷ್ ಪ್ಯಾರಾ. ಅಷ್ಟು ಒಳ್ಳೆಯ ಗದ್ಯವನ್ನು ನಾನು ಕನ್ನಡದಲ್ಲೂ ಬರೆದಿಲ್ಲ. ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆಸಿದೆ, ಸಹಿ ಹಾಕಿಸಿದೆ. ಕೊಡುವ ದಿನ ಬೆಳಿಗ್ಗೆ ಅದರ ಹಿಂದೆ ಆ ಚೀಟಿಗಳನ್ನು ಇಟ್ಟು ನೋಡಿದೆ. ಎಣ್ಣೆಯ ಕಲೆ, ವಕ್ರ ಅಕ್ಷರ, ಒಂದೊಂದು ಒಂದೊಂದು ಅಳತೆ. ನನ್ನ ಅರ್ಜಿಯ ಅಂದ ಕೆಡುತ್ತದೆ ಎನ್ನಿಸಿತು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಬಹಳ ಹುಡುಕಿದ್ದೇನೆ. ಇರಲಿಲ್ಲ. ಡಬ್ಬಿಯನ್ನು ಹಳೆಯ ಪೇಪರುಗಳ ಮೇಲಿಟ್ಟೆ. ರದ್ದಿಯವನು ಒಯ್ದ.

ಇಪ್ಪತ್ತಾರು ಕೊಟ್ಟಿದ್ದರೂ ಸಾಕಿತ್ತು.

೭

ಇದನ್ನು ಫೋನಿನಲ್ಲಿ ಓದಲು ಮನಸ್ಸು ಬರಲಿಲ್ಲ. ಮುಲುಂಡ್‌ನಿಂದ ಮಲಾಡ್‌ಗೆ ಹೋದೆ. ಸೇತುವೆಗಳನ್ನು ಹತ್ತಿ ಇಳಿದೆ, ನನ್ನ ಎರಡೂ ಮೊಣಕಾಲು ಮಡಚುತ್ತವೆ.

ಸಿಕಂದರ ಕಾಟಿನ ಮೇಲೆ ಕಾಲು ಚಾಚಿ ಕೂತಿದ್ದ. ನಜ್ಮಾ ಚಹಾ ತಂದಿಟ್ಟಳು. ಮೂರನೆಯ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದುವಾಗ ತಲೆ ಎತ್ತಲಿಲ್ಲ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಬರೆಯಲು ಅನುಕೂಲ ಎಂದೂ ಒಳಗೊಳಗೆ ಲೆಕ್ಕ ಹಾಕಿದ್ದೆ. (ನೋಡಿದಿರಾ, ಈ ಬುದ್ಧಿ ಇನ್ನೂ ಹೋಗಿಲ್ಲ.)

ನಜ್ಮಾ ಬೈಯಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದಳು: “ಆ ಚೀಟಿಯೊಳಗ ಯಾರ್ಯಾರು ಏನೇನು ಬರದಿದ್ರು, ಹೇಳ್ರಿ ಮಾಸ್ತರ. ಮತ್ತ ಬರಸೋಣ. ಹೋಗಿ ಕೊಡೋಣ.”

“ನನಗ ಗೊತ್ತಿಲ್ಲವಾ.”

“ಎಲ್ಲಾ ಬ್ಯಾಡ. ನೆನಪಿದ್ದಷ್ಟು.”

“ನಾ ಓದಲಿಲ್ಲ.”

“ನಲವತ್ತೊಂದರಾಗ ಒಂದರೆ?”

ನನಗೆ ನೆನಪಿದ್ದದ್ದು ತಪ್ಪುಗಳು ಮಾತ್ರ. ಯಾವ ಕಾಗುಣಿತ ಎಲ್ಲಿ ತಪ್ಪಿತ್ತು ಎಂಬುದನ್ನು ಈಗಲೂ ಹೇಳಬಲ್ಲೆ. ಯಾರಿಗೆ ಆ ಬಸ್ಸು ಯಾಕೆ ಬೇಕಾಗಿತ್ತು ಎಂಬುದು ಒಂದೂ ಗೊತ್ತಿಲ್ಲ.

ನಜ್ಮಾ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಪಕ್ಕದ ಬಾಗಿಲು ಬಡಿದದ್ದು ಕೇಳಿಸಿತು, ಆಮೇಲೆ ಅದರ ಪಕ್ಕದ್ದು. ಈಗ ಬರೆದುಕೊಟ್ಟರೆ ಸಮಿತಿ ತೆಗೆದುಕೊಳ್ಳುತ್ತದೋ ಇಲ್ಲವೋ, ವೈಶಾಲಿಯನ್ನು ಕೇಳಬೇಕು. ಅವಧಿ ಮುಗಿದಿದೆ ಎನ್ನಬಹುದು. ಹೊಸ ನಂಬರ್ ಕೊಡಲೂಬಹುದು. ಇದನ್ನು ನಾನು ನಿರ್ಧರಿಸಲಾರೆ. ಅಧ್ಯಕ್ಷರನ್ನು ನಾನೇ ನೇಮಿಸಿದ್ದೇನೆಂದು ಮೇಲೆ ಕೊಚ್ಚಿಕೊಂಡದ್ದನ್ನು ಓದುಗರು ಮರೆಯಬೇಕು.

೮

ಒಳಗೆ ನಾವಿಬ್ಬರೇ ಉಳಿದೆವು.

“ಸಿಕಂದರಭಾಯ್, ನಿಮ್ಮದೂ ಒಂದು ಚೀಟಿ ಇತ್ತಲ್ಲ?”

“ಇತ್ರಿ.”

“ಏನು ಬರದಿದ್ರಿ?”

ಅವನು ಕಿಟಕಿಯ ಕಡೆ ನೋಡಿದ. ನಾನು ಪೆನ್ನು ತೆಗೆದೆ, ಕಾಗದ ತೊಡೆಯ ಮೇಲಿಟ್ಟುಕೊಂಡೆ.

“ಹೇಳ್ರಿ. ಒಂದಕ್ಷರ ತಿದ್ದೂದಿಲ್ಲ. ನೀವು ಹೇಳಿದಂಗ ಬರಕೋತೀನಿ.”

“ಬ್ಯಾಡ್ರಿ ಮಾಸ್ತರ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. “ಅವತ್ತ ಬರದು ನಿಮ್ಮ ಕೈಯಾಗ ಕೊಟ್ಟಿದ್ದೆ. ಅವತ್ತ ಓದಬೇಕಿತ್ತು.”

ಆಮೇಲೆ, “ಚಾ ಆರತೈತಿ, ಕುಡೀರಿ,” ಎಂದ.

ಈ ಜಾಗದಲ್ಲಿ ಸಿಕಂದರನ ಚೀಟಿ ಬರಬೇಕು. ಊಹಿಸಿ ಬರೆಯುವುದು ನನಗೆ ಕಷ್ಟವಲ್ಲ, ಓದಿದವರ ಕಣ್ಣಲ್ಲಿ ನೀರು ಬರುವ ಹಾಗೆ ಬರೆದೇನು, ಅವನ ಮಾತಿನ ಧಾಟಿ ನನಗೆ ಗೊತ್ತು. ಬರೆಯುವುದಿಲ್ಲ. ಅವನು ಏನು ಬರೆದಿದ್ದನೆಂದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ.