ಶ್ರೀಮಂತನ ಅಪ್ಪ ಎಲ್ಲಿದ್ದರೂ ಬರಬೇಕು

ಕುಂಬಳಗುಂಡು ಎಂಬ ಬಂಡೆಗೆ ಮೆಟ್ಟಿಲು ಕಡೆದವನು ಸಿಕ್ಕರೆ ಅವನಿಗೊಂದು ಪ್ರಶ್ನೆ ಕೇಳುವುದಿದೆ. ಒಂದೇ ಕಲ್ಲಿಗೆ ಎರಡು ದಾರಿ ಯಾಕಪ್ಪಾ? ಜೇವರ್ಗಿ ಕಡೆಯಿಂದ ಬರುವಾಗ ಎರಡು ಹರದಾರಿ ದೂರದಿಂದಲೇ ಕಾಣುವ ಒಂಟಿ ಬಂಡೆ ಅದು. ಮೂಡಲಕ್ಕೆ ಹತ್ತುವ ಮೆಟ್ಟಿಲು, ಪಡುವಲಕ್ಕೆ ಇಳಿಯುವ ಮೆಟ್ಟಿಲು. ಹತ್ತಿದ ದಾರಿಯಲ್ಲಿ ಇಳಿಯಬಾರದು ಎಂಬುದು ಇಲ್ಲಿಯ ಪದ್ಧತಿ. ಹೀಗಾಗಿ ವಾರಕ್ಕೆ ನಾಲ್ಕು ಜನರಾದರೂ ತಮ್ಮವರಿಂದ ತಪ್ಪಿಸಿಕೊಳ್ಳುತ್ತಾರೆ, ಹುಡುಕಿಕೊಡುವ ಕರ್ಮ ನನ್ನದು. ಕೆಳಗೆ ಸೋಡಾ ಮಾರುವ ಈ ಜಹೀರುದ್ದೀನನ, ಅಂದರೆ ನನ್ನ, ಗಂಟಲು ದೊಡ್ಡದೆಂದು ಊರಿನವರು ಮೈಕನ್ನೂ ನನ್ನ ಕೊರಳಿಗೇ ಕಟ್ಟಿದ್ದಾರೆ.

ಆ ಸೋಮವಾರ ಮಧ್ಯಾಹ್ನ ಕೊಳಕೂರಿನ ಗಂಗಾಬಾಯಿ ಎಂಬ ಮುದುಕಿ ಏದುಸಿರು ಬಿಡುತ್ತ ಅಂಗಡಿಗೆ ಬಂದಳು.

“ತಮ್ಮಾ, ನಮ್ಮ ಮನ್ಯಾಗಿನವ್ರು ಕಾಣವಲ್ರು. ಜರಾ ಮೈಕಿನ್ಯಾಗ ಕರಿಯಪಾ.”

ಎರಡು ವರ್ಷದಿಂದ ಗಂಡನಿಗೆ ಮರೆವಿನ ರೋಗವಂತೆ. ಮೊದಲು ಹೊಲದ ದಾರಿ ಮರೆತ, ಆಮೇಲೆ ಹೆತ್ತ ಮಗನನ್ನು. ಹುಡುಗನಾಗಿದ್ದಾಗ ಹತ್ತಿದ ಗುಂಡು ನೋಡಿದರೆ ಏನಾದರೂ ನೆನಪಾದೀತೆಂದು ಕರೆತಂದಿದ್ದಳು. ತುದಿಯ ಗುಡಿಯಲ್ಲಿ ಕಾಯಿ ಒಡೆಸಲು ಇವಳು ಅತ್ತ ತಿರುಗಿದ್ದೇ ತಡ, ಮನುಷ್ಯ ಮಾಯ. ಇಳಿದಿರಬೇಕೆಂದು ಇವಳೂ ಇಳಿದು ಬಂದಿದ್ದಳು.

“ಅವ್ರ ಹೆಸರು ಹೇಳ್ರಿ ಯವ್ವಾ.”

“ಶ್ರೀಮಂತನ ಅಪ್ಪ.”

“ಹೆಸರ್ರಿ, ಹೆಸರು!”

“ಅದಽ ಅಪಾ, ಶ್ರೀಮಂತನ ಅಪ್ಪ.”

ಸರಿ, ಕೂಗಿದೆ. ‘ಶ್ರೀಮಂತನ ಅಪ್ಪ ಎಲ್ಲಿದ್ದರೂ ಸೋಡಾ ಅಂಗಡಿಗೆ ಬರಬೇಕು.’ ಮೂವರು ಬಂದರು. ಒಬ್ಬ ಅಫಜಲಪುರದವ, ಒಬ್ಬ ಚೌಡಾಪುರದವ, ಮೂರನೆಯವನು “ನನ್ನ ಮಗಗ ಏನಾತ್ರಿ?” ಎಂದು ನಡುಗುತ್ತಿದ್ದ. ಅವನಿಗೆ ಸೋಡಾ ಕುಡಿಸಿದೆ. ಮುದುಕಿ ಮೂವರ ಮುಖವನ್ನೂ ನೋಡಿ “ಇವ್ರಲ್ಲ” ಎಂದಳು. ಅದು ನನಗೂ ಗೊತ್ತಿತ್ತು.

“ಆಧಾರ ಕಾರ್ಡರೆ ತೋರಸ್ರಿ.”

“ಎಲ್ಲಾ ಅವ್ರ ಕಿಸೇದಾಗ ಅದ.”

ಮಗನಿಗೆ ಫೋನು ಮಾಡೋಣವೆಂದರೆ ಈ ಗುಂಡಿನ ಬುಡದಲ್ಲಿ ರೇಂಜು ಬರುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಕೈ ಮುಗೀತೇನಿ ಯವ್ವಾ, ಗಂಡನ ಹೆಸರು ಹೇಳ್ರಿ!”

ಅವಳು ಸೆರಗನ್ನು ಬಾಯಿಗೆ ಹಿಡಿದಳು. “ಹೆಸರ ಹಿಡದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದಪಾ. ನಲವತ್ತಾರು ವರ್ಷ ಬಾಯಾಗ ತಂದಿಲ್ಲ. ಪಾಂಡವ್ರಾಗ ಹಿರ್ಯಾ ಯಾರು? ಅವನ ಹೆಸರಽ ಇವ್ರದು.”

ಪಾಂಡವರಲ್ಲಿ ನನಗೆ ಗೊತ್ತಿದ್ದವನು ಗದೆ ಹಿಡಿದವನೊಬ್ಬನೇ. ಆ ಮೈಕಟ್ಟಿಗೆ ಅವನೇ ಹಿರಿಯನಿರಬೇಕೆಂದು ‘ಭೀಮಣ್ಣ’ ಎಂದು ಕೂಗಿದೆ. ಭೀಮಾ ನದಿಯ ಸೀಮೆಯಲ್ಲಿ ಆ ಹೆಸರು ಕೂಗುವುದೆಂದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ. ಐದು ಜನ ಭೀಮಣ್ಣಂದಿರು ಬಂದು ನಿಂತರು. ಯಾರು ಯಾರ ಅಪ್ಪ, ಯಾರಿಗೆ ಸೋಡಾ ಕೊಟ್ಟೆ, ಯಾರನ್ನು ಹುಡುಕುತ್ತಿದ್ದೇನೆ ಒಂದೂ ತಿಳಿಯದೆ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಅವರಲ್ಲೊಬ್ಬ “ಹಿರ್ಯಾ ಭೀಮ ಅಲ್ರಿ” ಎಂದು ಬಾಯಿ ತೆಗೆಯುವಷ್ಟರಲ್ಲಿ ಹೂ ಮಾರುವ ಮುಮತಾಜ ಮೇಲಿನಿಂದ ಓಡಿ ಬಂದಳು.

“ಜಹೀರ್ ಭಾಯ್, ಮ್ಯಾಲ ಒಬ್ಬ ಮುದುಕ ಕಂಬಿ ದಾಟಿ ಅಂಚಿನ್ಯಾಗ ನಿಂತಾನ! ಹಂತ್ಯಾಕ ಹೋದ್ರ ಇನ್ನಷ್ಟು ಅಂಚಿಗೆ ಸರೀತಾನ. ‘ನೀವ್ಯಾರು, ನಾ ಯಾರು’ ಅಂತಾನ.”

ಎಲ್ಲರೂ ತಲೆ ಎತ್ತಿದೆವು. ಬಂಡೆಯ ಅಂಚಿನಲ್ಲಿ ಬಿಳಿ ಧೋತರವೊಂದು ಗಾಳಿಗೆ ಹಾರುತ್ತಿತ್ತು.

ಗಂಗಾಬಾಯಿ ನನ್ನ ಕೈಯಿಂದ ಮೈಕು ಕಸಿದುಕೊಂಡಳು. ಎರಡು ಸಲ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮೂರನೆಯ ಸಲ ಹೊರಟಿತು.

“ಧರ್ಮಣ್ಣಾ! ಏ ಧರ್ಮಣ್ಣಾ! ನಾ ಕೆಳಗದೀನಿ. ಒಳಗ ಸರಿ, ಕಂಬಿ ಹಿಡಕೊಂಡು ಇಳದು ಬಾ!”

ಅದೂ ಏಕವಚನದಲ್ಲಿ. ಮೇಲೆ ಧೋತರ ಒಂದು ಗಳಿಗೆ ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಕಂಬಿಯ ಒಳಗೆ ಬಂತು.

ಯಾರೋ ಇಬ್ಬರು ರಟ್ಟೆ ಹಿಡಿದು ಧರ್ಮಣ್ಣನನ್ನು ಇಳಿಸಿಕೊಂಡು ಬರುವವರೆಗೂ ಗಂಗಾಬಾಯಿ ಅಳುತ್ತಲೇ ಇದ್ದಳು. “ನನ್ನ ಕೈಯಾರೆ ಆಯುಷ್ಯ ಕಮ್ಮಿ ಮಾಡಿದೆನಲ್ಲೋ ತಮ್ಮಾ.” ಉಳಿಸಿದಿರಿ ಎಂದು ನಾನೆಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಸಿಟ್ಟು ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಧರ್ಮಣ್ಣ ಬಂದು ಅವಳೆದುರು ನಿಂತ. ಪರ ಊರಿನ ಹೆಂಗಸನ್ನು ನೋಡಿದಂತೆ ನೋಡಿ ಕೈ ಮುಗಿದ.

“ಅವ್ವಾರ, ಯಾರೋ ಹೆಣಮಗಳು ನನ್ನ ಹೆಸರ ಹಿಡದು ಕರದ್ರು. ನನ್ನ ಹೆಸರು ನನಗಽ ಮರತು ಹೋಗಿತ್ತು ನೋಡ್ರಿ. ಯಾರಂತ ಗೊತ್ತೇನ್ರಿ?”

ಅವಳು ಕಣ್ಣು ಒರೆಸಿಕೊಂಡಳು. “ನಾನಽ ರೀ.”

“ಹಂಗಿದ್ರ ಇನ್ನೊಮ್ಮೆ ಕರೀರಿ. ಮತ್ತ ಮರೀಲಾಕತ್ತೇನಿ.”

ಗಂಗಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಷ್ಟು ಜನ ನಿಂತು ನೋಡುತ್ತಿರುವಾಗಲೇ, ಮೈಕಿಲ್ಲದೆ, ಗಂಡನ ಹೆಸರು ಹಿಡಿದು ಕರೆದಳು.

“ಓ” ಎಂದ ಧರ್ಮಣ್ಣ.