ಎಂಟನೇ ಬೋಗಿಯವರು

"ಬೆಕ್ಕು, ನಾಯಿ ಸುರಿಯೋದಾ? ಮುಗಿಲಿಂದ?" ಒರೆಸುತ್ತಿದ್ದ ಟೀ ಲೋಟವನ್ನು ತಮಾರಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಯಾರ ಮನೆ ಬೆಕ್ಕೇ ಅವು? ಮೈಮೇಲೆ ಬಿದ್ರೆ ಗತಿಯೇನು?"

"ಇಂಗ್ಲಿಷಲ್ಲಿ ಜೋರು ಮಳೆ ಅಂತ ಅರ್ಥ, ತೋಮಾ. ನಾವು ಬಕೆಟ್ಟಲ್ಲಿ ಹೊಯ್ದ ಹಾಗೆ ಅನ್ನಲ್ವಾ, ಹಂಗೇ ಅದು."

"ಬಕೆಟ್ಟಲ್ಲಿ ನೀರಿರತ್ತೆ. ಅದಕ್ಕೊಂದು ನ್ಯಾಯ ಇದೆ. ಇರ್ಲಿ, ಮುಂದಿಂದು ಕೇಳು."

ತಮಾರಾಳನ್ನು ಸಲಿಗೆಯಿಂದ ತೋಮಾ ಎಂದೇ ಕರೆಯುವ ರಿಮ್ಮಾ ಚೀಟಿಯ ಇನ್ನೊಂದು ಮಡಿಕೆ ಬಿಡಿಸಿದಳು. ರೈಲು ಉತ್ತರದ ತುದಿಯ ವೊರ್ಕುತಾ ಬಿಟ್ಟು ಎರಡನೇ ಹಗಲು. ಏಪ್ರಿಲ್ ಅರ್ಧ ಕಳೆದರೂ ಹೊರಗೆ ಬರ್ಚ್ ಮರಗಳ ಬುಡದಲ್ಲಿ ಹಿಮ ಕೊಳೆಯಾಗಿ ಕೂತಿತ್ತು. ಎಂಟನೇ ಬೋಗಿಯ ಅಟೆಂಡರುಗಳ ಕೋಣೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಹನ್ನೊಂದು ವರ್ಷದಿಂದ ಅವರಿಬ್ಬರದು ಹಾಗೇ ನಡೆದಿತ್ತು. ಒಬ್ಬಳು ಮಲಗಿದರೆ ಒಬ್ಬಳು ಎಚ್ಚರ, ಒಬ್ಬಳು ಟಿಕೆಟ್ಟು ನೋಡಿದರೆ ಒಬ್ಬಳು ಹೊದಿಕೆ ಹಂಚುವುದು, ಒಬ್ಬಳು ಕುಡುಕರನ್ನು ಬೈದರೆ ಇನ್ನೊಬ್ಬಳು ಅವರಿಗೇ ಟೀ ಕೊಟ್ಟು ಸಮಾಧಾನ ಮಾಡುವುದು. ಬೈಯುವ ಪಾಳಿ ಯಾವಾಗಲೂ ತಮಾರಾಳದ್ದು.

"ಪ್ಯಾಸೆಂಜರ್ ಹತ್ರ 'ಫ್ಯಾಮಿಲಿ' ಏನು ಅಂತ ಕೇಳ್ಬಾರ್ದು. ಯಾಕೆ?"

"ಯಾಕಂದ್ರೆ ಅದು ಹೆಂಡ್ತಿ ಮಕ್ಕಳು. ನಮ್ಮ ರಷ್ಯನ್‌ನಲ್ಲಿ 'ಫಮೀಲಿಯಾ' ಅಂದ್ರೆ ಅಡ್ಡಹೆಸರು, ಮನೆತನದ್ದು. ಇದು ನಂಗೊತ್ತು. ನಮ್ಮ ಪದ ಕದ್ಕೊಂಡು ಹೋಗಿ ಬೇರೆ ಅರ್ಥ ಹಚ್ಚಿದಾರೆ ಕಳ್ಳರು."

"ಹಾಗಾದ್ರೆ ಅಡ್ಡಹೆಸರಿಗೆ ಅವರೇನಂತಾರೆ?"

ತಮಾರಾ ಲೋಟ ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. "ಬೆಳಿಗ್ಗೆ ತನಕ ಇತ್ತು ಕಣೇ ತಲೇಲಿ. ಪೆಚೋರಾ ಸ್ಟೇಷನ್ನಲ್ಲಿ ಇಳ್ದು ಹೋಯ್ತು ಅನ್ಸತ್ತೆ."

ಇಬ್ಬರೂ ನಕ್ಕರು. ರಿಮ್ಮಾ ಮೊದಲು ನಿಲ್ಲಿಸಿದಳು.

ಜೂನ್‌ನಲ್ಲಿ ಅವರ ಊರು ನಿಝ್ನಿಗೆ ವಿಶ್ವಕಪ್ ಫುಟ್‌ಬಾಲ್ ಬರಲಿತ್ತು, ಅದರ ಹಿಂದೆ ಪರದೇಶದ ಜನ. ಮಾಸ್ಕೋಗೆ ಹೋಗಿಬರುವ ಹಗಲು ರೈಲಿಗೆ ಇಂಗ್ಲಿಷ್ ಬಲ್ಲ ಅಟೆಂಡರುಗಳನ್ನು ಆರಿಸುತ್ತಾರೆ, ಆರಿಸಿದವರು ಮುಂದೆಯೂ ಅದರಲ್ಲೇ ಇರುತ್ತಾರೆ ಎಂದು ಡಿಪೋದಲ್ಲಿ ಸುತ್ತೋಲೆ ಅಂಟಿಸಿದ್ದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ. ಆ ನಾಲ್ಕು ಪದಗಳನ್ನು ರಿಮ್ಮಾ ಸುತ್ತೋಲೆಯ ಮುಂದೆ ನಿಂತು ಎರಡು ಸಲ ಓದಿದ್ದಳು. ಅವಳ ಮಗಳು ಪೋಲ್ಯಾಗೆ ಒಂಬತ್ತು ವರ್ಷ. ತಾಯಿ ಉತ್ತರದ ರೈಲು ಹತ್ತಿದಾಗಲೆಲ್ಲ ಅವಳು ಪಕ್ಕದ ಮನೆಯ ಕ್ಲಾವ್ದಿಯಾ ಅಜ್ಜಿಯ ಸೋಫಾದ ಮೇಲೆ ಮಲಗುತ್ತಿದ್ದಳು. ಮೊದಲೆಲ್ಲ ಬಾಗಿಲ ತನಕ ಬಂದು ಅಳುತ್ತಿದ್ದವಳು ಈಗ ಅಳುವುದಿರಲಿ, ಎದ್ದು ಬರುತ್ತಲೂ ಇರಲಿಲ್ಲ. ಚಳಿಗಾಲದಲ್ಲಿ ಶಾಲೆಯವರು ಅಮ್ಮನ ಬಗ್ಗೆ ಪ್ರಬಂಧ ಬರೆಸಿದ್ದರು. ಪೋಲ್ಯಾ ಬರೆದ ಮೊದಲ ವಾಕ್ಯ: "ನನ್ನ ಅಮ್ಮ ಫೋನಿನಲ್ಲಿ ತುಂಬಾ ಚೆನ್ನಾಗಿ ಮಾತಾಡುತ್ತಾಳೆ." ಟೀಚರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಐದಕ್ಕೆ ಐದು ಹಾಕಿದ್ದರು.

ತಮಾರಾಗೆ ಐವತ್ತೊಂದು. ಅವಳಿಗೆ ಹಗಲು ರೈಲೂ ಒಂದೇ, ಉತ್ತರವೂ ಒಂದೇ. "ಈ ವಯಸ್ಸಲ್ಲಿ ಹೊಸ ಜೋಡಿ ಹೊಂದಿಸ್ಕೊಳ್ಳೋಕೆ ನಂಗಾಗಲ್ಲ. ನೀನು ಹೋದ್ರೆ ನಾನೂ ಬರ್ತೀನಿ. ಗೊರಕೆ ಹೊಡೀದೆ ಇರೋಳು ಎಲ್ಲಿ ಸಿಗ್ತಾಳೆ?" ಎಂದು ಅವಳೂ ತರಗತಿಗೆ ಹೆಸರು ಬರೆಸಿದ್ದಳು. ಅದಕ್ಕಿಂತ ಹಳೆಯದೊಂದು ಸಂಗತಿ ಅವರಿಬ್ಬರ ನಡುವೆ ಇತ್ತು, ಇಬ್ಬರೂ ಅದನ್ನು ಬಾಯಿಗೆ ತರುತ್ತಿರಲಿಲ್ಲ. ಪೋಲ್ಯಾಗೆ ನಾಲ್ಕು ವರ್ಷವಿದ್ದಾಗ, ರೈಲು ಹೊರಟು ಒಂದು ಗಂಟೆಗೆ, ಮಗುವಿಗೆ ಅಪೆಂಡಿಕ್ಸ್ ಆಪರೇಷನ್ ಎಂದು ಫೋನ್ ಬಂತು. ಮುಂದಿನ ಸ್ಟೇಷನ್ನಿನಲ್ಲಿ ರಿಮ್ಮಾಳನ್ನು ಕೆಳಗಿಳಿಸಿ ಅವಳ ಕೈಗೆ ಕೋಟು ಎಸೆದವಳು ತಮಾರಾ. ಹೋಗಿಬರುವ ನಾಲ್ಕು ದಿನ ಇಡೀ ಬೋಗಿಯನ್ನು ಅವಳೊಬ್ಬಳೇ ನೋಡಿಕೊಂಡಳು. ದಾರಿಯಲ್ಲಿ ತನಿಖೆಗೆ ಬಂದವನಿಗೆ, "ಜೊತೆಯವಳು ಮಲಗಿದಾಳೆ, ಎಬ್ಬಿಸಿದ್ರೆ ಕಚ್ತಾಳೆ" ಎಂದಿದ್ದಳಂತೆ. ಆತ ಬಾಗಿಲು ತೆಗೆದಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

ಡಿಪೋದ ಇಂಗ್ಲಿಷ್ ತರಗತಿ ನಡೆಸುತ್ತಿದ್ದವರು ಅಲೆವ್ತೀನಾ ಲ್ವೋವ್ನಾ. ನಲವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎಪ್ಪತ್ತಾದರೂ ತುಟಿಗೆ ಬಣ್ಣ ಹಚ್ಚುವುದನ್ನು ಬಿಟ್ಟವರಲ್ಲ. ಒಂದರಂತೆ ಇನ್ನೊಂದು ಕಾಣುವ ಪದಗಳನ್ನೂ, ಅಕ್ಷರಶಃ ಹಿಡಿದರೆ ಹುಚ್ಚಾಟವೆನಿಸುವ ನುಡಿಗಟ್ಟುಗಳನ್ನೂ ತಲೆಗೆ ಹತ್ತಿಸಲು ಅವರದು ಒಂದೇ ದಾರಿ. "ಕಾಪಿ ಚೀಟಿ ಬರೀರಿ" ಎನ್ನುತ್ತಿದ್ದರು. ಬೆರಳಗಲದ ಕಾಗದ, ಹಾರ್ಮೋನಿಯಂ ತಿದಿಯಂತೆ ಮಡಿಕೆ, ಇರುವೆ ಸಾಲಿನಂಥ ಅಕ್ಷರ. "ಯಾವುದನ್ನ ಬಿಡಬೇಕು, ಯಾವುದನ್ನ ಬರೀಬೇಕು ಅಂತ ಯೋಚಿಸ್ತೀರಲ್ಲ, ಅಲ್ಲೇ ಕಲಿತಾಯ್ತು. ಆಮೇಲೆ ಪರೀಕ್ಷೆ ದಿನ ಬಾಗಿಲಲ್ಲಿ ಎಸೆದು ಒಳಗೆ ಬನ್ನಿ." ತರಗತಿಯ ಹನ್ನೆರಡು ಹೆಂಗಸರೂ ಇದಕ್ಕೆ ಹುಬ್ಬೇರಿಸಲಿಲ್ಲ. ಎಲ್ಲರೂ ಚೀಟಿ ಬರೆದೇ ಬೆಳೆದವರು. ಶಾಲೆಯಲ್ಲಿ ಪಿಸುಗುಟ್ಟಿ ಹೇಳಿಕೊಡದ ಹುಡುಗಿಯ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ರಿಮ್ಮಾಳಂತೂ ಹಿಂದಿನ ಬೆಂಚಿನಿಂದ ಇಡೀ ಸಾಲಿಗೆ ಲೆಕ್ಕ ದಾಟಿಸುತ್ತಿದ್ದವಳು.

ಗುರುವಾರ ಪರೀಕ್ಷೆ. ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಬಂದ ತಮಾರಾ ಕಾರಿಡಾರಿನಲ್ಲಿ ಕುಂಟುತ್ತಿದ್ದಳು.

"ಕಾಲಿಗೇನಾಯ್ತು?"

"ಹಿಮ್ಮಡಿ ಕೆಳಗೆ ಐದು ರೂಬಲ್ ನಾಣ್ಯ ಇಟ್ಕೊಂಡಿದೀನಿ. ಅದೃಷ್ಟಕ್ಕೆ. ಕಾಲೇಜು ಹುಡುಗೀರು ಇಡ್ತಾರಲ್ಲ."

"ನೀನು ಕಾಲೇಜಿಗೆ ಹೋಗಿದ್ದೆ ಯಾವಾಗ?"

"ನಾಣ್ಯಕ್ಕೆ ಅದೆಲ್ಲ ಗೊತ್ತಾಗಲ್ಲ ಸುಮ್ನಿರು."

ಬಾಗಿಲ ಹತ್ತಿರ ಅಲೆವ್ತೀನಾ ಲ್ವೋವ್ನಾ ಖಾಲಿ ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದರು. ಒಬ್ಬೊಬ್ಬರಿಗೂ ಒಳ್ಳೆಯದಾಗಲಿ ಎನ್ನುವ ಬದಲು ಬೇಟೆಗೆ ಹೊರಟವರಿಗೆ ಹೇಳುವಂತೆ "ಪುಕ್ಕವೂ ಸಿಗದಿರಲಿ" ಎಂದರು. ಒಬ್ಬೊಬ್ಬರೂ ಮರ್ಯಾದೆಯಿಂದ "ಹಾಳಾಗಿ ಹೋಗಿ" ಎಂದು ಉತ್ತರಿಸಿ ಚೀಟಿಯನ್ನು ಡಬ್ಬಿಗೆ ಹಾಕಿದರು. ಬಾಯಿಬಿಟ್ಟು ಒಳ್ಳೆಯದು ಹಾರೈಸಿದರೆ, ಅದಕ್ಕೆ ಥ್ಯಾಂಕ್ಸ್ ಅಂದರೆ ಕೆಲಸ ಕೆಡುತ್ತದೆ ಎಂಬುದು ಅಲ್ಲಿಯ ನಂಬಿಕೆ. ತಮಾರಾಳ ಚೀಟಿ ಸಿನಿಮಾ ಟಿಕೆಟ್ಟಿನಷ್ಟು ದೊಡ್ಡದು, ಏಳೇ ಸಾಲು. ಅದು ಡಬ್ಬಿಯಲ್ಲಿ ಎಲ್ಲದರ ಮೇಲೆ ಬಿತ್ತು. ರಿಮ್ಮಾ ಡಬ್ಬಿಯ ಮೇಲೆ ಬರಿಗೈ ಆಡಿಸಿದಳು. ಅವಳ ಚೀಟಿ ಅಂಗಿಯ ಎಡತೋಳಿನ ಮಡಿಕೆಯಲ್ಲಿತ್ತು. ಅದು ಅವಳಿಗೆ ಬೇಕಿರಲಿಲ್ಲ. ಕಣ್ಣು ಮುಚ್ಚಿದರೆ ಪ್ರತಿ ಮಡಿಕೆಯೂ ಎದುರಿಗೆ ಕಾಣುತ್ತಿತ್ತು.

ಒಳಗೆ ಮಾಸ್ಕೋದಿಂದ ಬಂದ ಪರೀಕ್ಷಕ, ಮೂವತ್ತು ದಾಟಿರದ ತೆಳ್ಳನೆಯ ಮನುಷ್ಯ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ನಿಯಮ ಓದಿದ. ಬರೆಯಲು ಅರ್ಧ ಗಂಟೆ, ಆಮೇಲೆ ಒಬ್ಬೊಬ್ಬರಾಗಿ ಮಾತಾಡಬೇಕು. ಕಾಪಿ ಹೊಡೆದವರು ಹೊರಗೆ, ಮತ್ತೆ ಅವರು ಈ ಪರೀಕ್ಷೆಗೆ ಕೂರುವಂತಿಲ್ಲ. ಅಲೆವ್ತೀನಾ ಲ್ವೋವ್ನಾ ಅವನ ಪಕ್ಕದಲ್ಲಿ ಕೂತರು.

ರಿಮ್ಮಾ ಹದಿನೈದು ನಿಮಿಷಕ್ಕೆ ಬರೆದು ಮುಗಿಸಿದಳು. ಎದುರಿಗಿದ್ದದ್ದು ತಮಾರಾಳ ಬೆನ್ನು. ಹನ್ನೊಂದು ವರ್ಷದಲ್ಲಿ ಆ ಬೆನ್ನು ಕಲ್ಲಿದ್ದಲಿನ ಬಕೆಟ್ಟು ಹೊತ್ತದ್ದನ್ನು ಕಂಡಿದ್ದಳು, ಕುಡಿದು ಮೈಮೇಲೆ ಬಂದವನನ್ನು ಬಾಗಿಲಾಚೆ ನೂಕಿದ್ದನ್ನು ಕಂಡಿದ್ದಳು. ಈಗ ಅದು ಶಾಲೆಯ ದಡ್ಡ ಮಗುವಿನ ಬೆನ್ನಿನ ಹಾಗೆ ಕಾಗದದ ಮೇಲೆ ಬಾಗಿತ್ತು. ಪೆನ್ನು ಓಡುತ್ತಿರಲಿಲ್ಲ. ಕತ್ತಿನ ಹಿಂದೆ ಬೆವರಿತ್ತು.

ರಿಮ್ಮಾ ಯೋಚಿಸಿದಳು ಎನ್ನುವಂತಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಕೈ ಹೇಗೆ ಹೋಗುತ್ತಿತ್ತೋ ಹಾಗೇ ಹೋಯಿತು. ಪೆನ್ಸಿಲಿನಿಂದ ಬೆನ್ನಿಗೆ ಒಂದು ತಿವಿತ, ಕುರ್ಚಿಯ ಸಂದಿನಿಂದ ಚೀಟಿ. ತಮಾರಾಳ ಕೈ ಹಿಂದಕ್ಕೆ ಬಂತು. ಬಿಸಿನೀರಿನ ಹಂಡೆ, ತಾಮ್ರದ ನಲ್ಲಿ, ಕಬ್ಬಿಣದ ಬಾಗಿಲು ಹಿಡಿದು ದಪ್ಪಗಾದ ಬೆರಳುಗಳು. ಚೀಟಿ ಅವುಗಳಿಂದ ಜಾರಿತು. ಬಿದ್ದದ್ದು ಮಡಿಕೆಯಾಗಿ ಬೀಳಲಿಲ್ಲ. ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ, ಮೊಳದುದ್ದ ನೆಲದ ಮೇಲೆ ಹಾಸಿಕೊಂಡಿತು.

ಪರೀಕ್ಷಕ ಎದ್ದು ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿದ.

"ಯಾರದಿದು?"

ಏಳಬೇಕೆಂದು ರಿಮ್ಮಾಗೆ ಗೊತ್ತಿತ್ತು. ಅವಳ ಎರಡೂ ಅಂಗೈಗಳು ಏಳುವುದಕ್ಕೆಂದೇ ಮೇಜನ್ನು ಒತ್ತಿ ಹಿಡಿದಿದ್ದವು. ಒಂದು ಉಸಿರು ತೆಗೆದುಕೊಂಡಳು, ಏಳಲಿಲ್ಲ. ಇನ್ನೊಂದು ತೆಗೆದುಕೊಂಡಳು.

ಎದುರಿನ ಕುರ್ಚಿ ಕಿರ್ರೆಂದಿತು.

"ನಂದು" ಎಂದಳು ತಮಾರಾ.

"ನೀವೇ ಬರೆದದ್ದಾ?"

"ಮತ್ತಿನ್ನೇನು, ನಮ್ಮೆಜಮಾನ್ರು ಬರೆದು ಕೊಡ್ತಾರಾ? ಅವರಿಗೆ ಸೌತೆಕಾಯಿ ಬಿಟ್ರೆ ಏನೂ ಬೆಳೆಯೋಕೆ ಬರಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕ ನಗಲಿಲ್ಲ. ಚೀಟಿಯನ್ನು ಅಲೆವ್ತೀನಾ ಲ್ವೋವ್ನಾರ ಮುಂದಿಟ್ಟ. "ನಿಮ್ಮ ವಿದ್ಯಾರ್ಥಿನಿ. ಅಕ್ಷರ ನಿಮಗೆ ಗೊತ್ತಿರಬೇಕು."

ಅವರು ಕನ್ನಡಕ ಹಾಕಿಕೊಂಡರು. ಮೊದಲ ಮಡಿಕೆಯಿಂದ ಕೊನೆಯ ಮಡಿಕೆಯ ತನಕ, ಒಂದೂ ಬಿಡದೆ ಓದಿದರು. ಆಮೇಲೆ ತಲೆಯೆತ್ತಿದರು. ನೋಟ ತಮಾರಾಳ ಭುಜ ದಾಟಿ ಹಿಂದಿನ ಮೇಜಿಗೆ ಬಂದು ನಿಂತಿತು. ರಿಮ್ಮಾ ತನ್ನ ಕಾಗದ ನೋಡಿದಳು.

"ಮುತ್ತಿನಂಥ ಅಕ್ಷರ" ಎಂದರು ಅಲೆವ್ತೀನಾ ಲ್ವೋವ್ನಾ. "ಒಂದು ತಪ್ಪೂ ಇಲ್ಲ." ಚೀಟಿಯನ್ನು ಮತ್ತೆ ಮಡಿಸಿ, ಕನ್ನಡಕ ತೆಗೆದರು. ಅಷ್ಟೇ.

ತಮಾರಾ ಕುಂಟುತ್ತ ಹೊರಗೆ ಹೋದಳು.

ರಿಮ್ಮಾಳ ಸರದಿ ಬಂದಾಗ ಪರೀಕ್ಷಕ ತಾನೊಬ್ಬ ಪ್ರಯಾಣಿಕ, ತನಗೆ ಮೈ ಸರಿಯಿಲ್ಲ, ಜೊತೆಗೆ ಯಾರೂ ಇಲ್ಲ, ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವಳು ಹೇಳಿದಳು. ನೀವು ಮಲಗಿ, ನಾನು ಟೀ ತರುತ್ತೇನೆ, ಮುಂದಿನ ಸ್ಟೇಷನ್ನಿಗೆ ಡಾಕ್ಟರು ಬರುತ್ತಾರೆ, ಹೆದರಬೇಡಿ, ನಾನು ಪಕ್ಕದಲ್ಲೇ ಇರುತ್ತೇನೆ. ಅವಳ ದನಿ ಅವಳಿಗೇ ಬೇರೆ ಯಾರದೋ ಹಾಗೆ ಕೇಳಿಸುತ್ತಿತ್ತು. ಕ್ರಿಯಾಪದಗಳು ಎಲ್ಲಿರಬೇಕೋ ಅಲ್ಲಿದ್ದವು, ನುಡಿಗಟ್ಟೊಂದು ತಾನಾಗಿ ಬಂದು ಕೂತಿತು. ಪರೀಕ್ಷಕನ ಮುಖ ಮೊದಲ ಸಲ ಸಡಿಲವಾಯಿತು. "ಇಂಥವರು ಬೇಕು ನಮಗೆ" ಎಂದು ಅವನು ಅಲೆವ್ತೀನಾ ಲ್ವೋವ್ನಾರತ್ತ ತಿರುಗಿದ. ಅವರು ತಲೆಯಾಡಿಸಿ ಪಟ್ಟಿಯಲ್ಲಿ ಮುಂದಿನ ಹೆಸರು ಓದಿದರು.

ಬೋಗಿ ತೊಳೆಯುವ ಶೆಡ್ಡಿನ ಹಿಂದಿನ ಬೆಂಚಿನ ಮೇಲೆ ತಮಾರಾ ಒಂದು ಬೂಟು ಬಿಚ್ಚಿ, ಹಿಮ್ಮಡಿ ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಪಾಸಾ?"

"ಪಾಸು."

"ಮುಖ ಯಾಕೆ ಹಂಗೆ ಹಾಕ್ಕೊಂಡಿದೀಯ? ಮಗಳಿಗೆ ಫೋನ್ ಮಾಡು ಹೋಗು."

"ಯಾಕೆ ಹಾಗ್ಮಾಡ್ದೆ ತೋಮಾ?"

"ಏನ್ಮಾಡ್ದೆ? ಆರನೇ ಪ್ರಶ್ನೆ ಆದ್ಮೇಲೆ ನಾನು ಹೆಂಗೂ ಏನೂ ಬರೆದಿರ್ಲಿಲ್ಲ. ಒಬ್ರು ಹೋಗೋ ಕಡೆ ಇಬ್ರು ಯಾಕೆ ಹೋಗ್ಬೇಕು?"

"ನಾನು ಎದ್ದು ನಿಲ್ಬೇಕಿತ್ತು."

"ನಿಂತಿದ್ರೆ ಅಲ್ಲೇ ಕಪಾಳಕ್ಕೆ ಬಿಡ್ತಿದ್ದೆ." ತಮಾರಾ ಬೂಟಿಗೆ ಕಾಲು ತೂರಿಸಿದಳು. ಲೇಸು ಕಟ್ಟುತ್ತ, ತಲೆ ತಗ್ಗಿಸಿಕೊಂಡೇ, ಸಣ್ಣ ದನಿಯಲ್ಲಿ ಅಂದಳು: "ಒಂದು ಗಳಿಗೆ ಕಾದೆ ಕಣೇ. ಸುಳ್ಳ್ಯಾಕೆ ಹೇಳ್ಲಿ. ಏಳ್ತಾಳೇನೋ ಅನ್ಕೊಂಡೆ. ಏಳ್ಲಿಲ್ಲ. ಒಳ್ಳೇದೇ ಆಯ್ತು, ನಾನು ಹೇಳ್ತಿರೋದು ಅದೇ, ಒಳ್ಳೇದೇ ಆಯ್ತು." ಗಂಟು ಬಿಗಿಯಾಗಿರಬೇಕು, ಬಿಚ್ಚಿ ಮತ್ತೆ ಕಟ್ಟಿದಳು. "ನಡಿ, ಕ್ಯಾಂಟೀನಲ್ಲಿ ಬೋರ್ಷ್ ಸಾರು ಮುಗಿದುಹೋಗತ್ತೆ."

ರಿಮ್ಮಾ ಅವಳ ಎದುರಿಗೆ ಕೂತು ಬೋರ್ಷ್ ಉಂಡಳು. ತಮಾರಾ ತನ್ನ ಬಟ್ಟಲಿನ ಕೆನೆಮೊಸರಿನ ಉಂಡೆಯನ್ನು ಎಂದಿನಂತೆ ಅವಳ ಬಟ್ಟಲಿಗೆ ದಾಟಿಸಿದಳು. ಅದನ್ನು ಬೇಡ ಅನ್ನುವ ಧೈರ್ಯವೂ ರಿಮ್ಮಾಗೆ ಆಗಲಿಲ್ಲ.

ಜೂನ್‌ನಲ್ಲಿ ಮಾಸ್ಕೋ ರೈಲು ಸಂಜೆ ಆರೂವರೆಗೆ ನಿಝ್ನಿಗೆ ಬರುತ್ತಿತ್ತು. ಒಂದು ದಿನ ಹಳದಿ ಅಂಗಿಯ ಪರದೇಶಿಗಳು ತಮಟೆ ಬಡಿಯುತ್ತ ಇಳಿದರು. ಕೆನ್ನೆಗೆ ಬಣ್ಣ ಬಳಿದುಕೊಂಡ ಮುದುಕನೊಬ್ಬ ರಿಮ್ಮಾಳ ಕೈ ಕುಲುಕಿ, ನಿಮ್ಮ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ ಎಂದ. ಪೋಲ್ಯಾ ಮನೆಯಲ್ಲಿ ಆಲೂಗಡ್ಡೆ ಬೇಯಿಸಿಟ್ಟು ಆಗಲೇ ಎರಡು ಸಲ ಫೋನ್ ಮಾಡಿದ್ದಳು. ಎಲ್ಲಿದೀಯ, ಇನ್ನೆಷ್ಟು ಹೊತ್ತು, ಉಪ್ಪು ಹಾಕ್ಲಾ ಎಂದು.

ವೊರ್ಕುತಾ ರೈಲು ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಹೊರಡುವುದರಲ್ಲಿತ್ತು. ರಿಮ್ಮಾ ಸೇತುವೆಯ ಮೆಟ್ಟಿಲುಗಳನ್ನು ಓಡುತ್ತ ಹತ್ತಿ, ಓಡುತ್ತ ಇಳಿದಳು. ಬಾಗಿಲುಗಳ ಮೆಟ್ಟಿಲು ಮುಚ್ಚುವ ಕಬ್ಬಿಣದ ತಟ್ಟೆಗಳನ್ನು ಆಗಲೇ ಇಳಿಸಿಬಿಟ್ಟಿದ್ದರು. ಎಂಟನೇ ಬೋಗಿಯ ಬಾಗಿಲಲ್ಲಿ ತಮಾರಾ ನಿಂತಿದ್ದಳು. ಅವಳ ಹಿಂದೆ ಕೂದಲು ಕತ್ತರಿಸಿಕೊಂಡ ಹೊಸಬಳೊಬ್ಬಳು ಯಾರದೋ ಹೊದಿಕೆ ಎಣಿಸುತ್ತ ಏನೋ ಕೇಳುತ್ತಿದ್ದಳು. ರೈಲು ಕದಲಿತು. ಪ್ಲಾಟ್‌ಫಾರ್ಮ್ ಮುಗಿಯುವ ತನಕ ಅಟೆಂಡರು ಸುತ್ತಿದ ಹಳದಿ ಬಾವುಟವನ್ನು ಹೊರಗೆ ಚಾಚಿ, ಗಾಡಿಯುದ್ದಕ್ಕೂ ನೋಡುತ್ತಿರಬೇಕು, ಅತ್ತಿತ್ತ ತಿರುಗುವಂತಿಲ್ಲ. ತಮಾರಾ ಬಾವುಟ ಚಾಚಿದಳು.

"ತೋಮಾ!"

ತಮಾರಾಳ ಗಲ್ಲ ಒಂದಿಷ್ಟು ಮೇಲೆದ್ದ ಹಾಗಿತ್ತು. ಚಕ್ರಗಳ ಸದ್ದು ಜೋರಾಯಿತು. ರಿಮ್ಮಾ ಬೋಗಿಯ ಜೊತೆ ಹತ್ತು ಹೆಜ್ಜೆ ನಡೆದಳು, ಆಮೇಲೆ ಅದು ಅವಳನ್ನು ದಾಟಿತು. ಇಡೀ ರೈಲು ತಿರುವಿನಲ್ಲಿ ಬಾಗಿದಾಗ ಪ್ರತಿ ಬಾಗಿಲಿನಿಂದಲೂ ಒಂದೊಂದು ಕೈ, ಒಂದೊಂದು ಹಳದಿ ಬಾವುಟ ಸಂಜೆ ಬಿಸಿಲಿಗೆ ಚಾಚಿಕೊಂಡಿದ್ದವು. ಅವಳು ತುದಿಯಿಂದ ಎಣಿಸತೊಡಗಿದಳು. ಐದರ ತನಕ ಬಂದಳು. ಆಮೇಲೆ ಎಲ್ಲವೂ ಒಂದೇ ಥರ ಕಂಡವು.