ಗೋಡೆಯ ಮೇಲಿನ ಮೋಟುಮರ

ಆ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ನಿಲ್ಲುವುದೆಂದರೆ ಕಾದ ಕಾವಲಿಯ ಮೇಲೆ ನಿಂತ ಹಾಗೆ. ತಲೆಗೆ ಟವೆಲ್ಲೋ ಚೀಲವೋ ಅಡ್ಡ ಹಿಡಿದು ಜನ ಬಸ್ಸಿನ ದಾರಿ ಕಾಯುತ್ತಿದ್ದರು. ಹೋದ ವರ್ಷದವರೆಗೆ ಅಲ್ಲೊಂದು ದೊಡ್ಡ ಮರವಿತ್ತು. ಅದನ್ನು ಕಡಿಸಿದವನು ನಿಲ್ದಾಣದ ಹಿಂದಿರುವ ಹಾಸಿಗೆ ಅಂಗಡಿಯ ಯಜಮಾನ. ಮರ ಅವನ ಬೋರ್ಡಿಗೆ ಅಡ್ಡ ಬರುತ್ತಿತ್ತು. ಬಿಸಿಲಿಗೆ ಹಾಕಿದ ಹೊಸ ಹಾಸಿಗೆಗಳ ಮೇಲೆ ಹಕ್ಕಿಗಳು ಹಿಕ್ಕೆ ಹಾಕುತ್ತಿದ್ದವು. ಕೇಳಿದವರಿಗೆಲ್ಲ, "ಒಣಗಿತ್ತು ಕಣ್ರಪ್ಪಾ, ಯಾರ ಮೇಲಾದ್ರೂ ಬಿದ್ದಿರೋದು" ಎಂದು ಹೇಳಿ ಕೈತೊಳೆದುಕೊಂಡಿದ್ದ.

ಈ ಬೇಸಿಗೆಯಲ್ಲಿ ಚಿತ್ರ ಬರೆಯುವ ಹೆಂಗಸೊಬ್ಬಳು ಬಂದು ಅಂಗಡಿಯ ಪಕ್ಕದ ಗೋಡೆ ಕೇಳಿದಳು. ಎಲ್ಲಿ ಹೋದರೂ ಏಣಿ ಹೊತ್ತೇ ಹೋಗುವ ಅವಳಿಗೆ ಜನ ಇಟ್ಟ ಹೆಸರು ಏಣಿಯಕ್ಕ. ಪುಕ್ಕಟೆ ಬಣ್ಣ ಯಾರಿಗೆ ಬೇಡ? ಯಜಮಾನ ಒಪ್ಪಿದ.

ಬಟ್ಟೆಯದೊಂದು ಚಪ್ಪರ ಕಟ್ಟಿಕೊಂಡು ಅವಳು ಕೆಲಸಕ್ಕೆ ಕೂತಳು. ಗೋಡೆಯ ಮೇಲೆ ಅದೇ ಬೀದಿ ಮೂಡಿತು. ಕೆಂಪು ಆಕಾಶ, ಕರಗಿದ ಡಾಂಬರು, ಬಾಡಿದ ಮುಖಗಳು.

"ಏನಮ್ಮಾ ಇದು, ಬೀದಿಗೆ ಬೆಂಕಿ ಬಿದ್ದ ಹಾಗಿದೆ?" ಯಜಮಾನ ಕೇಳಿದ.

"ಭೂಮಿ ಕಾಯ್ತಿದೆಯಲ್ಲ ಅಣ್ಣಾ, ಅದು. ನಾವು ಸುಡೋ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ನಿಂದ ಏಳೋ ಅನಿಲ ಭೂಮಿಗೆ ಹೊದಿಕೆ ಹಾಕಿದ ಹಾಗೆ ಕೂತಿದೆ. ಬೇಸಿಗೇಲಿ ನಿಮ್ಮ ದಪ್ಪ ರಜಾಯಿ ಹೊದ್ದು ಮಲಗಿದ್ರೆ ಹೇಗಿರುತ್ತೆ?"

"ಬೆಂದು ಹೋಗ್ತೀವಿ."

"ಹಾಗೇ ಆಗ್ತಿದೆ. ನೆರಳಿಲ್ಲದ ಬೀದೀಲಿ ಇನ್ನೂ ಜಾಸ್ತಿ."

"ಲೋಕ ಕಾಯೋದಕ್ಕೂ ಒಂದು ಮರಕ್ಕೂ ಎಲ್ಲಿಯ ಸಂಬಂಧ ಬಿಡಮ್ಮಾ!"

"ಒಂದು ಮರ ಲೋಕಾನ ತಣ್ಣಗೆ ಮಾಡಲ್ಲ ಅಣ್ಣಾ. ಬಸ್ಸಿಗೆ ಕಾಯೋರ ತಲೆ ತಣ್ಣಗಿಡುತ್ತೆ."

ತಾನು ಮರದ ಮಾತು ಎತ್ತಿದ್ದೇಕೆ ಎಂದು ಯಜಮಾನ ನಾಲಿಗೆ ಕಚ್ಚಿಕೊಂಡ. ಮರುದಿನ ನೋಡಿದರೆ, ಚಿತ್ರದ ನಡುವೆ ಒಂದು ಮೋಟುಮರ. ಕಡಿದ ಜಾಗವನ್ನು ಒಣಗದ ಮರದ ಹಾಗೆ ಹಸಿಹಸಿಯಾಗಿ ಬರೆದಿದ್ದಳು. ಅವಳು ಊಟಕ್ಕೆ ಹೋದದ್ದೇ ತಡ, ಯಜಮಾನ ಒಳಗಿನಿಂದ ಸುಣ್ಣ ತಂದು ಅದರ ಮೇಲೆ ಬಳಿದುಬಿಟ್ಟ.

ಏಣಿಯಕ್ಕ ಬಂದು ನೋಡಿದಳು. ಅವನ ಕೈಯ ಸುಣ್ಣವನ್ನೂ ನೋಡಿದಳು. ಜಗಳ ಆಡಲಿಲ್ಲ. ಏಣಿಯನ್ನು ಗೋಡೆಯ ಇನ್ನೊಂದು ತುದಿಗೆ ಸರಿಸಿಕೊಂಡಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈಗ ಅವನಿಗೆ ಗಲ್ಲಾದ ಹಿಂದೆ ಕೂರಲೂ ಆಗಲಿಲ್ಲ.

ಅವತ್ತೇ ಅವನ ತಾಯಿ ಬುತ್ತಿ ಕೊಟ್ಟು, ಮನೆಗೆ ಹೋಗಲು ಬಸ್ಸಿಗೆ ನಿಂತಿದ್ದರು. ಬಸ್ ತಡವಾಯಿತು. ಹೊರಗೆ ಯಾರೋ ಕೂಗಿದ್ದು ಕೇಳಿ ಯಜಮಾನ ಓಡಿದ. ತಾಯಿ ನೆಲಕ್ಕೆ ಕುಸಿದಿದ್ದರು. ಅಷ್ಟರಲ್ಲಿ ಏಣಿಯಿಂದ ಇಳಿದ ಏಣಿಯಕ್ಕ ಜನರ ಸಹಾಯದಿಂದ ಅವರನ್ನು ತನ್ನ ಚಪ್ಪರದ ಕೆಳಗೆ ಮಲಗಿಸಿದಳು.

"ಸುತ್ತ ಮುತ್ಕೋಬೇಡಿ, ಗಾಳಿ ಬಿಡಿ! ಅಣ್ಣಾ, ಬಟ್ಟೆ ನೆನೆಸಿ ಕುತ್ತಿಗೆಗೆ, ಕಂಕುಳಿಗೆ ಇಡಿ. ಬೀಸ್ತಾ ಇರಿ."

"ನೀರು ಕುಡಿಸ್ಲಾ?"

"ಎಚ್ಚರ ಇದೆ, ಮಾತಾಡ್ತಿದಾರೆ. ಗುಟುಕು ಗುಟುಕಾಗಿ ಕೊಡಿ. ಎಚ್ಚರ ತಪ್ಪಿದ್ರೆ, ತೊದಲಿದ್ರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆಗೆ."

ಸ್ವಲ್ಪ ಹೊತ್ತಿಗೆ ತಾಯಿ ಚೇತರಿಸಿಕೊಂಡು ಮಗನನ್ನು ನೋಡಿದರು.

"ಆ ಮರ ನಿಜವಾಗ್ಲೂ ಒಣಗಿತ್ತೇನೋ?"

ಯಜಮಾನ ತಲೆ ತಗ್ಗಿಸಿದ. ಹೌದೆನ್ನಲು ಬಾಯಿ ಬರಲಿಲ್ಲ. ಇಲ್ಲವೆನ್ನಲು ಅಷ್ಟೊಂದು ಜನ ನಿಂತಿದ್ದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಇಲ್ಲಮ್ಮಾ. ಚೆನ್ನಾಗಿತ್ತು. ಬೋರ್ಡು ಕಾಣ್ಲಿ ಅಂತ ನಾನೇ ಕಡಿಸ್ದೆ."

ತಾಯಿ ಮುಖ ಆಚೆ ತಿರುಗಿಸಿದರು. ಬೈಗುಳಕ್ಕಿಂತ ಅದೇ ಅವನಿಗೆ ಹೆಚ್ಚು ತಾಗಿತು.

ತಾಯಿಯನ್ನು ಡಾಕ್ಟರಿಗೆ ತೋರಿಸಿ ಮನೆಗೆ ಬಿಟ್ಟು ಬಂದವನು ಏಣಿಯ ಕೆಳಗೆ ನಿಂತ. "ಅಕ್ಕಾ, ನಾನು ಸುಣ್ಣ ಬಳಿದಿದ್ನಲ್ಲ, ಅಲ್ಲಿ ಮತ್ತೆ ಬರೀತೀರಾ? ಹೇಗಿತ್ತೋ ಹಾಗೇ."

"ಎಲ್ರೂ ಕೇಳ್ತಾರೆ ಅಣ್ಣಾ."

"ಕೇಳ್ಲಿ. ನಾನೇ ಹೇಳ್ತೀನಿ."

ಇಂದಿಗೂ ಕೇಳುತ್ತಾರೆ, ಅವನು ಹೇಳುತ್ತಾನೆ. ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ. ಮಳೆ ಬಿದ್ದ ಮೇಲೆ ಅವನೂ ಅವನ ಹೆಂಡತಿಯೂ ಸೇರಿ ನಿಲ್ದಾಣದ ಬಳಿ ಸಸಿಗಳನ್ನು ನೆಟ್ಟು ಬೇಲಿ ಕಟ್ಟಿದ್ದಾರೆ. ಅವು ನೆರಳು ಕೊಡುವವರೆಗೆ ಅಂಗಡಿಯ ಮುಂದೆ ಚಪ್ಪರ, ಕುಡಿಯಲು ನೀರು. ಸಸಿಗಳಿಗೆ ನೀರೆರೆಯುವುದು ತಾಯಿಯ ಪಾಲು. "ನಿನ್ನ ನಂಬೋಕಾಗಲ್ಲ ಕಣೋ" ಎಂದು ಅವರೇ ವಹಿಸಿಕೊಂಡದ್ದು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲಿ ಉಳಿದಿರುವ ಮರಕ್ಕೆ ಕೊಡಲಿ ಹಾಕಲು ಬಿಡಬೇಡಿ. ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಸಾಲದು, ಬೇಸಿಗೆ ದಾಟಿಸಿ. ಹತ್ತಿರದ ದಾರಿಗೆ ಗಾಡಿ ಬಿಟ್ಟು ನಡೆಯಿರಿ. ಬಿಸಿಲಿಗೆ ಬಿದ್ದವರನ್ನು ನೆರಳಿಗೆ ತನ್ನಿ, ಮೈ ತಣಿಸಿ. ನೀವೂ ಒಂದು ಮರ ಕಡಿಸಿದ್ದರೆ, ನಾಚಿಕೆಯಾದರೆ ಆಗಲಿ. ಗುದ್ದಲಿ ಹಿಡಿದು ಹೊರಗೆ ಬನ್ನಿ.